ನಡುವೆ ಎದ್ದುಹೋದವರು

ಮೂರನೆಯ ಸಲ ಬೆಲ್ ಒತ್ತಿದರೂ ಎದುರುಮನೆಯ ಬಾಗಿಲು ತೆರೆಯಲಿಲ್ಲ. ಒಳಗೆ ಮಗಳ ದನಿ ಕೇಳುತ್ತಿತ್ತು. ಕುರ್ಚಿ ಸರಿದ ಸದ್ದು. ಏನನ್ನೋ ಪಟ್ಟನೆ ಮುಚ್ಚಿದ ಸದ್ದು. ಆಮೇಲೆ ದೊಡ್ಡಮ್ಮ ಬಾಗಿಲು ತೆಗೆದರು.

"ಅಯ್ಯೋ, ಆಗಲೇ ಬಂದ್ಯಾ?"

"ಒಂದೂವರೆ ಆಯ್ತಲ್ಲ ದೊಡ್ಡಮ್ಮ."

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಅದರ ಮೇಲೊಂದು ಟವೆಲ್ ಹೊದಿಸಿತ್ತು. ಅವಳು ನೋಡಿಯೂ ನೋಡದಂತೆ ಮಗಳನ್ನು ಎತ್ತಿಕೊಂಡಳು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಕೇಳಿದಳು. "ಪುಟ್ಟಿ, ದೊಡ್ಡಮ್ಮ ನಿನ್ನ ಜೊತೆ ಆಡ್ತಾರಾ?"

"ಊಹೂಂ. ಸಣ್ಣ ಟೀವಿ ನೋಡ್ತಾರೆ. ನಾನು ಜೋರಾಗಿ ಕರೆದ್ರೆ ಬರ್ತಾರೆ."

ಮೂರು ವರ್ಷದ ಮಗುವನ್ನು ಧಾರಾವಾಹಿ ನೋಡುತ್ತ ಕೂರುವವರ ಬಳಿ ಬಿಟ್ಟು ಹೋಗುತ್ತಿದ್ದೇನೆ. ಯಾತಕ್ಕೆ? ಸಂಬಳಕ್ಕೆ.

ಸಂಬಳ ಅಂಥದ್ದೇ ಇತ್ತು. ದೊಡ್ಡವನು ಹುಟ್ಟಿದಾಗ ಅವಳು ಬ್ಯಾಂಕಿನ ದೂರು ವಿಭಾಗದ ಕೆಲಸ ಬಿಟ್ಟಿದ್ದಳು. ನಡುವೆ ಏಳು ವರ್ಷ ಉರುಳಿತ್ತು. ಸಂದರ್ಶನಕ್ಕೆ ಕರೆದವರೆಲ್ಲ ಆ ಏಳು ವರ್ಷದ ಮೇಲೆಯೇ ಬೆರಳಿಡುತ್ತಿದ್ದರು. ಇವರೊಬ್ಬರು ಇಡಲಿಲ್ಲ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕೆಲಸ, ಹಿಂದೆ ಪೂರ್ತಿ ದಿನ ದುಡಿದು ತರುತ್ತಿದ್ದುದಕ್ಕಿಂತ ಹೆಚ್ಚು ಸಂಬಳ. ಶಾಲೆಗಳು ತೆರೆದ ವಾರವೇ ಸೇರಬೇಕಿತ್ತು.

"ನಿನಗೆ ಸರಿ ಅನ್ನಿಸಿದ್ದು ಮಾಡು" ಎಂದ ಗಂಡ, ಅವಳ ಮುಖ ನೋಡದೆ. "ಮಗು ಪಾಡೇನು?" ಎಂದರು ಅತ್ತೆ, ಫೋನಿನಲ್ಲಿ.

ದೊಡ್ಡಮ್ಮ ಮಾತ್ರ ತಾವಾಗಿಯೇ ಬಂದಿದ್ದರು. ಸಂಬಂಧಿಕರೇನಲ್ಲ, ಮಕ್ಕಳು ಕರೆದ ಹೆಸರು ಎಲ್ಲರ ಬಾಯಲ್ಲೂ ನಿಂತಿತ್ತು. "ಮಗೂನ ನನ್ನ ಹತ್ರ ಬಿಡು. ಇದನ್ನ ಕೈಬಿಟ್ರೆ ಇನ್ನೊಂದು ಸಿಗೋಷ್ಟರಲ್ಲಿ ಕೂದಲು ಬೆಳ್ಳಗಾಗಿರುತ್ತೆ. ನನ್ನನ್ನೇ ನೋಡು." ದುಡ್ಡಿನ ಮಾತೆತ್ತಿದರೆ ಗದರಿದರು. ಒಂಟಿ ಜೀವ. ಅವರ ಮನೆ ಹೇಗೆ ನಡೆಯುತ್ತದೆಂದು ಅವಳು ಕೇಳಿರಲಿಲ್ಲ. ಕೇಳಿದರೆ ಎಲ್ಲಿ ದುಡ್ಡು ತೆಗೆದುಕೊಂಡುಬಿಡುತ್ತಾರೋ ಎಂಬ ಅಳುಕೂ ಇತ್ತು. ಅದನ್ನು ನೆನೆದರೆ ಅವಳಿಗೇ ನಾಚಿಕೆ.

ಕೆಲಸ ಸರಳವಾದದ್ದು. ಬಟ್ಟೆ ಒಗೆಯುವ ಮೆಷಿನು ಮಾರುವ ಕಂಪನಿ. ಮೆಷಿನು ಕೆಟ್ಟವರು ಅಳಲು ಟೈಪ್ ಮಾಡಿ ಕಳಿಸುತ್ತಾರೆ. ಎಲ್ಲೆಲ್ಲೋ ತಂತಮ್ಮ ಮನೆಯಲ್ಲಿ ಕೂತವರು ಆಗಿಂದಾಗಲೇ ಉತ್ತರ ಟೈಪ್ ಮಾಡುತ್ತಾರೆ. ಮುಗಿದ ಮಾತುಕತೆಗಳನ್ನು ಆಫೀಸಿನಲ್ಲಿ ಕೂತು ಓದಿ ತಪ್ಪು ಹೆಕ್ಕುವುದು ಅವಳ ಪಾಲು. ಬರೆದವರಿಗೆ ಹೆಸರಿರಲಿಲ್ಲ, ನಂಬರ್ ಇತ್ತು. ಕೆಲಸದ ವಿಷಯ ಹೊರಗೆ ಬಾಯಿಬಿಡುವುದಿಲ್ಲವೆಂದು ಅವಳು ಸಹಿ ಹಾಕಿದ್ದಳು. ದೊಡ್ಡಮ್ಮನಿಗೂ "ಕಾಗದಪತ್ರ ನೋಡೋ ಕೆಲಸ" ಎಂದಷ್ಟೇ ಹೇಳಿದ್ದಳು.

ಹದಿನೇಳನೆಯ ನಂಬರಿನವರ ಉತ್ತರಗಳು ಅವಳಿಗೆ ಇಷ್ಟವಾಗುತ್ತಿದ್ದವು. ಸಿಡುಕುವವರನ್ನು ತಣ್ಣಗಾಗಿಸುವ ಕಲೆ ಅವರಿಗೆ ಸಿದ್ಧಿಸಿತ್ತು. ಆದರೆ ಮಾತಿನ ನಡುವೆ ಎದ್ದುಹೋಗಿಬಿಡುತ್ತಿದ್ದರು. ಒಮ್ಮೆ ಏಳು ನಿಮಿಷ, ಒಮ್ಮೆ ಹನ್ನೊಂದು. ಒಂದು ದಿನವಂತೂ ಉತ್ತರದ ನಡುವೆ ಒಂದೇ ಅಕ್ಷರ ನಾಲ್ಕು ಸಾಲು ತುಂಬಿತ್ತು. ಹಳೆಯ ದಾಖಲೆ ತೆಗೆದು ನೋಡಿದಳು. ಮೂರು ವರ್ಷ ಒಂದೇ ಒಂದು ತಪ್ಪಿಲ್ಲ. ಎಡವಟ್ಟೆಲ್ಲ ಎರಡು ತಿಂಗಳಿಂದ ಈಚೆಗೆ.

"ಇವರನ್ನೇನು ಮಾಡೋದು ಸಾರ್?" ಎಂದು ಮೇಲ್ವಿಚಾರಕನನ್ನು ಕೇಳಿದಳು.

"ಕನಿಕರ ತೋರಿಸೋಕೆ ನಿಮಗೆ ಸಂಬಳ ಕೊಡ್ತಿಲ್ಲ ಮೇಡಂ. ಗಡಿಯಾರ ನೋಡಿ, ಬರೀರಿ."

ಬರೆದಳು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಒಂದನ್ನೂ ಬಿಡದೆ. ಕಳಿಸುವ ಗುಂಡಿ ಒತ್ತುವಾಗ ಬೆರಳು ಒಂದು ಕ್ಷಣ ತಡೆಯಿತು. ಮೂರು ತಿಂಗಳ ಪರೀಕ್ಷಾ ಅವಧಿ ಅವಳಿಗಿನ್ನೂ ಮುಗಿದಿರಲಿಲ್ಲ. ಒತ್ತಿದಳು.

ಸೋಮವಾರ ಮೇಲ್ವಿಚಾರಕ ಅವಳ ಮೇಜಿನವರೆಗೆ ನಡೆದುಬಂದ. "ಒಳ್ಳೆ ವರದಿ ಮೇಡಂ. ನಿಮ್ಮ ಕೆಲಸ ಇವತ್ತಿಂದ ಕಾಯಂ. ಹದಿನೇಳನ್ನ ಬೆಳಿಗ್ಗೆನೇ ತೆಗೆದುಬಿಟ್ವಿ."

"ಏನು ತೊಂದರೆ ಅಂತ ಒಂದು ಮಾತು ಕೇಳಬಹುದಿತ್ತು."

"ನೀವು ಕೇಳಿದ್ರಾ?"

ಅವಳು ಮುಂದಿನ ಮಾತುಕತೆ ತೆರೆದು ಓದತೊಡಗಿದಳು.

ಬಸ್ಸಿನಲ್ಲಿ ಕಿಟಕಿಗೆ ಹಣೆಯಾನಿಸಿ ಕೂತಳು. ಮುಖ ನೋಡದ ಒಬ್ಬರ ಅನ್ನ ಕಿತ್ತಾಗಿತ್ತು, ಅದನ್ನು ಸರಿಪಡಿಸಲು ಬರುವಂತಿರಲಿಲ್ಲ. ಮಗಳ ವಿಷಯವನ್ನಾದರೂ ಸರಿಮಾಡಬೇಕು. ದಾಕ್ಷಿಣ್ಯ ಬಿಟ್ಟು ಇವತ್ತು ಕೇಳಿಯೇ ಬಿಡುತ್ತೇನೆ ಅಂದುಕೊಂಡಳು.

ಬೆಲ್ ಒತ್ತಿದ ತಕ್ಷಣ ಬಾಗಿಲು ತೆರೆಯಿತು. ದೊಡ್ಡಮ್ಮನ ಸೊಂಟದ ಮೇಲೆ ಪುಟ್ಟಿ ಕೂತಿದ್ದಳು. ನೆಲದ ತುಂಬ ಆಟದ ಸಾಮಾನು.

"ದೊಡ್ಡಮ್ಮ, ತಪ್ಪು ತಿಳ್ಕೋಬೇಡಿ. ಬೆಳಿಗ್ಗೆ ಪೂರ್ತಿ ಆ ಲ್ಯಾಪ್‌ಟಾಪಲ್ಲಿ ಏನು ನೋಡ್ತೀರಿ?"

"ನೋಡ್ತಿದ್ದೆ. ಇನ್ನು ನೋಡಲ್ಲ ಬಿಡು." ದೊಡ್ಡಮ್ಮ ಮಗುವಿನ ಮೂಗು ಒರೆಸಿದರು. "ಒಂದು ಕೆಲಸ ಇತ್ತು ಕಣೆ, ಮನೆಯಿಂದಲೇ. ಯಾರಿಗೂ ಹೇಳಬಾರದು ಅಂತ ಸಹಿ ಹಾಕಿಸ್ಕೊಂಡಿದ್ರು. ಬೆಳಿಗ್ಗೆ ಬೇಡ ಅಂದ್ರು. ಹೋಗ್ಲಿ, ನೀನು ಮಾತ್ರ ನಿನ್ನ ಕೆಲಸ ಬಿಡಬೇಡ."

"ಯಾಕಂತೆ?" ಅವಳು ಕೇಳಿದಳು.

"ಯಾರೋ ಮಹಾತಾಯಿ," ದೊಡ್ಡಮ್ಮ ನಗಲು ನೋಡಿದರು, "ಪುಟ್ಟಿಗೆ ಹಾಲು ಕಾಯಿಸೋಕೆ ಎದ್ದ ನಿಮಿಷಾನೂ ಬಿಡದೆ ಬರೆದು ಕಳಿಸಿದ್ದಾಳೆ."