ಭಾನುವಾರ ಕೆಡುವ ಕಂಪ್ಯೂಟರ್

"ರೀ, ಭಾನುವಾರ ಬಂದ್ರೆ ಸಾಕು, ಆ ಎದುರುಮನೆಯವಳ ಕಂಪ್ಯೂಟರ್ ಕೆಟ್ಟೋಗುತ್ತಲ್ಲ! ಇನ್ಮೇಲೆ ಇಲ್ಲಿಂದಲೇ ರಿಪೇರಿ ಮಾಡಿ," ಎಂದು ಹೆಂಡತಿ ಸಿಡುಕಿದಳು.

ಆ ದಿನ ಎದುರುಮನೆಗೆ ತಾನೂ ಹೋಗಿ, ಗಂಡನ ಪಕ್ಕದಿಂದ ಕದಲದೆ ಕೂತು, ಆ ಕಂಪ್ಯೂಟರನ್ನು ತಮ್ಮ ಮನೆಯಿಂದಲೇ ನಡೆಸುವ ಏರ್ಪಾಡು ಮಾಡಿಸಿದಳು.

ಮುಂದಿನ ಭಾನುವಾರ ಗಂಡ ಸ್ನಾನಕ್ಕೆ ಹೋದದ್ದೇ ತಡ, ಅವಳೇ ಕೂತು ಎದುರುಮನೆಯ ಕಂಪ್ಯೂಟರ್ ತೆರೆದು ಮೌಸ್ ಆಡಿಸಿದಳು. ಪರದೆಯ ಮೇಲೆ ಅಕ್ಷರಗಳು ಮೂಡಿದವು: "ಸರ್, ನೀವಾ? ಮೇಡಂ ಹತ್ತಿರ ಇಲ್ಲ ತಾನೆ?"

ಅವಳು ಬಚ್ಚಲುಮನೆಯ ಕಡೆ ಒಮ್ಮೆ ನೋಡಿದಳು. "ಇಲ್ಲ, ಹೇಳಿ," ಎಂದು ಗಂಡನಂತೆ ಟೈಪ್ ಮಾಡಿದಳು.

"ಹೋದ ವಾರ ಮೇಡಂ ನಿಮ್ಮ ಪಕ್ಕದಲ್ಲೇ ಕೂತಿದ್ರು, ಈ ವಾರ ಕಂಪ್ಯೂಟರ್ ಕೆಡಲೇ ಇಲ್ಲ. ಹಾಗಾದ್ರೆ ಇಷ್ಟು ದಿನ ಅದನ್ನ ಕೆಡಿಸಿ ಹೋಗ್ತಿದ್ದದ್ದು ನೀವೇ ಅಲ್ವಾ, ಸರ್?"