ಅತ್ಯಂತ ಗೋಪ್ಯ

ಪ್ರಭಾಕರ ಕೌಂಟರಿನ ಮುಂದೆ ನಿಂತು, ತಾನು ಮಾರ್ಚ್ ತಿಂಗಳಲ್ಲಿ ಕಳಿಸಿದ್ದ ಪತ್ರವನ್ನು ವಾಪಸ್ ಕೊಡಿ ಎಂದು ಕೇಳಿದ.

"ಬಂದ ಪತ್ರ ವಾಪಸ್ ಹೋಗುವುದಿಲ್ಲ," ಎಂದಳು ಶಾಲೆಯ ಗುಮಾಸ್ತೆ. "ಬೇಕಾದರೆ ಪ್ರತಿ ಕೊಡುತ್ತೇನೆ."

"ಅದರ ಮೇಲೆ ಅತ್ಯಂತ ಗೋಪ್ಯ ಅಂತ ಬರೆದಿದ್ದೆ. ಕೆಂಪು ಶಾಯಿಯಲ್ಲಿ. ಎರಡು ಸಲ."

"ನೋಡಿದೆ. ಆದರೆ ಇದು ಸರ್ಕಾರಿ ಶಾಲೆ. ಇಲ್ಲಿಗೆ ಬಂದ ಇಂಥ ಕಾಗದವನ್ನು ಯಾರು ಬೇಕಾದರೂ ಓದಬಹುದು. ಓದುವವರ ಹೆಸರನ್ನೂ ನಾವು ಕೇಳುವ ಹಾಗಿಲ್ಲ."

ಈ ಸಂಗತಿ ಅವನಿಗೆ ತಿಳಿದದ್ದೇ ಆ ದಿನ ಬೆಳಿಗ್ಗೆ. ನದಿಯಾಚೆಯ ಲಿಂಡ್‌ಹೋಲ್ಮೆನ್‌ನ ಅವನ ಆಫೀಸಿನಲ್ಲಿ ಎಲ್ಲರೂ ಫೀಕಾ ಎಂಬ ಕಾಫಿ ವಿರಾಮಕ್ಕೆಂದು ಕೂತಿದ್ದಾಗ, ಸಹೋದ್ಯೋಗಿಯೊಬ್ಬ ನೆರೆಮನೆಯವರು ನಗರಸಭೆಗೆ ಬರೆದ ದೂರುಗಳನ್ನೆಲ್ಲ ತರಿಸಿಕೊಂಡು ಓದಿದ ಕಥೆ ಹೇಳಿ ನಗಿಸುತ್ತಿದ್ದ. ಸರ್ಕಾರಕ್ಕೆ ಬರೆದದ್ದು ಊರಿಗೆಲ್ಲ ಬರೆದಂತೆ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪ್ರಭಾಕರ ಅರ್ಧ ಕಾಫಿ ಬಿಟ್ಟು ಎದ್ದ. ದೋಣಿ ಹಿಡಿದು ನದಿ ದಾಟಿ ನೇರ ಇಲ್ಲಿಗೆ ಬಂದ. ಪಾವನಾ ಆ ಪತ್ರ ನೋಡಿಬಿಟ್ಟರೆ ಗತಿಯೇನು?

ಪಾವನಾ ಅವನ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷ. ಸ್ವೀಡನ್ನಿನಲ್ಲಿ ಅವನ ಎಂಟು ವರ್ಷದ ಕೆಲಸ 2007ರ ಜುಲೈಗೆ ಮುಗಿಯುತ್ತಿತ್ತು. ಮೂವರೂ ಬೆಂಗಳೂರಿಗೆ ಮರಳುವುದೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಹುಡುಗಿ ಈ ಶಾಲೆಯ ಸಂಗೀತ ನಾಟಕದ ಕೋರ್ಸಿಗೆ ಅರ್ಜಿ ಹಾಕಿದಳು. ಹನ್ನೆರಡು ಸೀಟಿಗೆ ಆರುನೂರ ನಲವತ್ತು ಜನ. ಹಾಡಬೇಕು, ಕುಣಿಯಬೇಕು, ನಟಿಸಬೇಕು. ಸಿಕ್ಕಿದರೆ ಮೂರು ವರ್ಷ ಅವಳೊಬ್ಬಳೇ ಇಲ್ಲಿರಬೇಕು. ಎಲ್ಲಿ ಸಿಗುತ್ತೆ ಎಂಬ ಧೈರ್ಯದಲ್ಲಿ ಅಪ್ಪ, "ಟ್ರೈ ಮಾಡು ಪುಟ್ಟಾ," ಎಂದು ಬೆನ್ನು ತಟ್ಟಿದ್ದ. ಅವಳು ಎರಡು ಸುತ್ತು ದಾಟಿ ಕೊನೆಯ ಸುತ್ತಿಗೆ ಬಂದಾಗ ಅವನ ಧೈರ್ಯ ಉಡುಗಿತು.

ಬೇಡ ಎಂದು ಮಗಳ ಮುಖ ನೋಡಿ ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಅವಳಿಗೆ ಒಂದು ಸಲವೂ ಬೇಡ ಎಂದವನಲ್ಲ. ಆದರೆ ಬೆಂಗಳೂರಿನ ಆಫೀಸುಗಳಲ್ಲಿ ಪಳಗಿದ ಬುದ್ಧಿ ಅವನದು: ಮೇಲಿನವರ ಕಿವಿಗೆ ಒಂದು ಮಾತು ಹಾಕಿದರೆ ಕೆಲಸ ಸಲೀಸು. ಹೆಂಡತಿ ಮೀರಾಗೂ ಹೇಳದೆ ಶಾಲೆಗೆ ಬರೆದ. ಮಗಳನ್ನು ಬಿಟ್ಟು ನಾವಿಬ್ಬರೇ ಊರಿಗೆ ಹೋಗಲಾರೆವು. ಬೇಡ ಎನ್ನಲು ನನ್ನಿಂದಾಗದು, ದಯವಿಟ್ಟು ನೀವೇ ಅನ್ನಿ. ನೀವು ಹೇಳಿದರೆ ಅವಳು ನಂಬುತ್ತಾಳೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ.

ಏಪ್ರಿಲಿನಲ್ಲಿ ಪಾವನಾಳ ಹೆಸರಿಗೆ ಲಕೋಟೆ ಬಂತು. ಹದಿನೆಂಟು ದಾಟಿದವರ ಫಲಿತಾಂಶವನ್ನು ಈ ದೇಶದಲ್ಲಿ ಅಪ್ಪ ಅಮ್ಮನಿಗೆ ಯಾರೂ ತಾವಾಗಿ ತಿಳಿಸುವುದಿಲ್ಲ. ಅವಳು ಕೋಣೆಯಲ್ಲಿ ಓದಿಕೊಂಡು ಹೊರಗೆ ಬಂದಳು.

"ಸಿಗ್ಲಿಲ್ಲ ಅಪ್ಪ."

ಮೀರಾ ಅತ್ತಳು. ಪಾವನಾ ಅಳಲಿಲ್ಲ, ಸಾರು ಬಿಸಿ ಇದೆಯಾ ಎಂದು ಕೇಳಿ ಊಟಕ್ಕೆ ಕೂತಳು. ಆಮೇಲೆ ಆ ಮನೆಯಲ್ಲಿ ಹಾಡು ನಿಂತಿತು. ಹುಡುಗಿ ಬಟ್ಟೆ ಮಡಿಸಿ ಸೂಟ್‌ಕೇಸಿಗೆ ತುಂಬುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಒಂದು ಸಂಜೆ ಮಾತ್ರ ಅಪ್ಪನ ಎದುರು ಬಂದು ನಿಂತಳು.

"ಅಪ್ಪಾ, ನನ್ ಹತ್ರ ಏನಾದ್ರೂ ಹೇಳೋದಿದ್ಯಾ?"

"ಏನಿರುತ್ತೆ ಪುಟ್ಟಾ? ಬೆಂಗಳೂರಲ್ಲೂ ಒಳ್ಳೊಳ್ಳೆ ಕಾಲೇಜಿದೆ."

"ಹೂಂ. ಇದೆ." ಅವಳು ಮತ್ತೆ ಬಟ್ಟೆ ಮಡಿಸಲು ಹೋದಳು.

ಅಂದುಕೊಂಡ ಕೆಲಸ ಆಯಿತಲ್ಲ, ಖುಷಿಯಾಗಬೇಕಿತ್ತು. ಆಗಲಿಲ್ಲ. ದುಃಖವೂ ಆಗಲಿಲ್ಲ. ಮಗ್ಗುಲ ಕೆಳಗೆ ಸಿಕ್ಕಿಕೊಂಡ ಕೈಯಂತೆ ಒಳಗೆಲ್ಲ ಜೋಮು ಹಿಡಿದಿತ್ತು. ಆಫೀಸಿಗೆ ಹೋದ, ಬಂದ, ಉಂಡ, ಮಲಗಿದ.

ಈಗ ಕೌಂಟರಿನಲ್ಲಿ ಅವನು ತಗ್ಗಿದ ದನಿಯಲ್ಲಿ ಕೇಳಿದ: "ತೀರ್ಪುಗಾರರು ನನ್ನ ಪತ್ರ ಓದಿದರೇ?"

"ಇಲ್ಲವಲ್ಲ. ಅವರ ಕೈಗೆ ನಾವು ಕೊಡಲೇ ಇಲ್ಲ," ಎಂದಳು ಗುಮಾಸ್ತೆ. "ಅವರು ನೋಡುವುದು ವೇದಿಕೆಯ ಮೇಲೆ ಮಾಡಿದ್ದನ್ನು ಮಾತ್ರ. ತಂದೆ ತಾಯಿ ಬರೆದದ್ದಕ್ಕೆ ಇಲ್ಲಿ ಬೆಲೆಯಿಲ್ಲ."

ಪ್ರಭಾಕರನಿಗೆ ತಿಂಗಳ ಮೇಲೆ ಮೊದಲ ಸಲ ಪೂರ್ತಿ ಉಸಿರು ಬಂತು. ಹಾಗಾದರೆ ತಪ್ಪು ತನ್ನದಲ್ಲ! ಹುಡುಗಿ ತಾನಾಗಿಯೇ ಸೋತಳು. ಮಗಳು ಸೋತದ್ದಕ್ಕೆ ಹಗುರಾಗುವ ಅಪ್ಪನೂ ಇರುತ್ತಾನೆಯೇ ಎಂದು ನಾಚಿಕೆಯಾಯಿತು. ಆದರೂ ಹಗುರಾಗಿದ್ದು ಸುಳ್ಳಲ್ಲ. ಎಷ್ಟರಲ್ಲಿ ತಪ್ಪಿತು ಎಂದು ಒಮ್ಮೆ ನೋಡಿಬಿಟ್ಟರೆ ಮನಸ್ಸಿನ ಕಿರಿಕಿರಿ ಪೂರ್ತಿ ಹೋಗುತ್ತದೆ ಎನಿಸಿತು.

"ಅವಳ ಫೈಲನ್ನೇ ನೋಡಬಹುದೇ?"

"ಅದಕ್ಕೇನಂತೆ!"

ಫೈಲಿನಲ್ಲಿದ್ದದ್ದು ಮೂರೇ ಹಾಳೆ. ಮೊದಲನೆಯದು ಅವನ ಪತ್ರ, ಸರಕ್ಕನೆ ಮಗುಚಿದ. ಎರಡನೆಯದು ಆಯ್ಕೆಯಾದ ಹನ್ನೆರಡು ಮಂದಿಯ ಪಟ್ಟಿ. ಅದರ ಕೆಳಗೆ, ಸೀಟು ತಪ್ಪಿದವರ ಸಾಲಿನಲ್ಲಿ, ಮಗಳ ಹೆಸರು ಹುಡುಕಿದ. ಸಿಗಲಿಲ್ಲ. ಬೆರಳಿಟ್ಟು ಒಂದೊಂದೇ ಹೆಸರು ಮೇಲಕ್ಕೆ ಓದುತ್ತ ಬಂದ. ಪಾವನಾ ಎಲ್ಲರಿಗಿಂತ ಮೇಲಿದ್ದಳು.

ಮೂರನೆಯ ಹಾಳೆಯಲ್ಲಿ ಅವಳದೇ ಕೈಬರಹ: "ಅಪ್ಪ ಬರೆದ ಪತ್ರವನ್ನು ನನಗೆ ತೋರಿಸಿದ್ದಕ್ಕೆ ಧನ್ಯವಾದ. ಸಿಕ್ಕಿದ ಸೀಟನ್ನು ಬಿಟ್ಟುಕೊಡುತ್ತಿದ್ದೇನೆ. ದಯವಿಟ್ಟು ಮನೆಗೆ ಫೋನ್ ಮಾಡಬೇಡಿ, ಸಿಗಲಿಲ್ಲ ಎಂದು ನಾನೇ ಹೇಳುತ್ತೇನೆ."