ವ್ಯಾಖ್ಯಾನದ ನಡುವಿನ ತೇಗು

“ಇವಳ ಈ ತೇಗಿಗೆ ಒಂದು ಕೊನೆ ಅಂತ ಇಲ್ಲವೇನಪ್ಪಾ?” ಎಂದು ರಾಯರು ಡಾಕ್ಟರ ಕೋಣೆಯ ಫ್ಯಾನನ್ನು ಕೇಳಿದರು.

ಮೂವತ್ತು ವರ್ಷಗಳಿಂದ ಹೆಂಡತಿ ವನಜಾಕ್ಷಮ್ಮ ಷಟ್ಪದಿ ಹಾಡುತ್ತಾರೆ, ರಾಯರು ವ್ಯಾಖ್ಯಾನ ಹೇಳುತ್ತಾರೆ. ಪದ್ಯಕ್ಕೆ ಆರು ಸಾಲು, ವ್ಯಾಖ್ಯಾನಕ್ಕೆ ಮುಕ್ಕಾಲು ಗಂಟೆ. ಬರುವ ಶನಿವಾರ ಇಬ್ಬರ ಕಾರ್ಯಕ್ರಮ, ಕೊನೆಗೆ ಸನ್ಮಾನ. ಆಹ್ವಾನಪತ್ರಿಕೆಯಲ್ಲಿ ರಾಯರ ಹೆಸರೊಂದೇ ಇತ್ತು. ಅದು ಮನೆಗೆ ಬಂದ ದಿನದಿಂದ ವನಜಾಕ್ಷಮ್ಮನವರಿಗೆ ಗಂಡನಿಗೆ ಒಂದು ಮಾತು ಹೇಳಬೇಕಿತ್ತು. ಆಕೆಗೆ ತೇಗು ಹತ್ತಿಕೊಂಡದ್ದೂ ಅಂದಿನಿಂದಲೇ.

“ಹೇಳಿಮ್ಮಾ, ಊಟ ಆದ್ಮೇಲೆ ಜಾಸ್ತಿನಾ?” ಎಂದರು ಡಾಕ್ಟರು.

ವನಜಾಕ್ಷಮ್ಮ ಬಾಯಿ ತೆರೆದರು.

“ಉಪವಾಸ ಇದ್ರೂ ಅಷ್ಟೇ ಡಾಕ್ಟ್ರೇ!” ಎಂದರು ರಾಯರು. ಆಕೆ ಗುಳಕ್ಕನೆ ಗಾಳಿ ನುಂಗಿ ತೇಗಿದರು.

“ನಿದ್ದೆಯಲ್ಲಿ?”

ಆಕೆ ಮತ್ತೆ ಬಾಯಿ ತೆರೆದರು.

“ನಿದ್ದೇಲಿ ಇಲ್ಲ, ಹಾಡುವಾಗ್ಲೂ ಇಲ್ಲ. ನಾನು ಮಾತು ಎತ್ತಿದ್ರೆ ಸಾಕು, ಶುರು!” ಎಂದರು ರಾಯರು. ಮತ್ತೆ ತೇಗು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಹೊಟ್ಟೇಲಿ ಏನೂ ದೋಷ ಇಲ್ಲ ರಾಯರೇ. ಇವರು ಮಾತಾಡೋಕೆ ಉಸಿರು ಎಳ್ಕೋತಾರೆ, ನೀವು ಅಡ್ಡ ಬರ್ತೀರಿ, ಆ ಗಾಳಿಯನ್ನ ನುಂಗ್ತಾರೆ. ಇವರು ಬಾಯಿ ತೆರೆದಾಗ ನೀವು ಮುಚ್ಕೊಳ್ಳಿ. ಅದೇ ಔಷಧ.”

ರಾಯರು ನಕ್ಕರು. “ಈಗಲೇ ನೋಡೇಬಿಡೋಣ. ಏನೇ, ಶನಿವಾರ ನನ್ನ ಸನ್ಮಾನಕ್ಕೆ ಚೆನ್ನಾಗಿ ಹಾಡ್ತೀಯ ತಾನೇ?” ಎಂದು ಕೇಳಿ, ಮದುವೆಯಾದ ಮೇಲೆ ಮೊದಲ ಸಲ, ಉತ್ತರಕ್ಕೆ ಕಾದರು.

ವನಜಾಕ್ಷಮ್ಮ ಬಾಯಿ ತೆರೆದರು. ತೇಗು ಬರಲಿಲ್ಲ.

“ಇಲ್ಲಾರೀ, ಹಾಡಲ್ಲ.”